ನಲವತ್ತೊಂದನೇ ನಂಬರಿನ ಮನೆ

ಪಂಚಾಯಿತಿ ಕೆಲಸಕ್ಕೆ ಹೊಸದಾಗಿ ಸೇರುವವರು ಸಲಹೆ ಕೇಳಿದರೆ, ಮೊದಲು ಒಂದು ಜೊತೆ ಗಟ್ಟಿ ಚಪ್ಪಲಿ ತೆಗೆದುಕೊಳ್ಳಿ ಎನ್ನುತ್ತೇನೆ. ಅವರು ನಗುತ್ತಾರೆ. ಕೆಲಸವಿಲ್ಲದ ಮುದುಕ ತಮಾಷೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ನಾನು ತಮಾಷೆ ಮಾಡುತ್ತಿಲ್ಲ. ನಡೆಯಲು ಬೇಜಾರಾಗಿ ನಾನು ತಯಾರಿಸಿದ ಒಂದು ಪಟ್ಟಿಯಿಂದ ಒಬ್ಬ ಹೆಂಗಸಿನ ಪ್ರಾಣ ಹೋಗುವುದರಲ್ಲಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಹೋಗಲಿ. ನಿವೃತ್ತನಾದ ಮೇಲೆ ಅದನ್ನು ಇಟ್ಟುಕೊಂಡು ಮಾಡುವುದಾದರೂ ಏನು?

ನನ್ನ ಸೇವೆಯೆಲ್ಲ ಕಳೆದದ್ದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ. ಹುಟ್ಟಿದ್ದು ಶೃಂಗೇರಿ ಹತ್ತಿರ. ಅಪ್ಪ ಪೌರೋಹಿತ್ಯ ಮಾಡುತ್ತಿದ್ದವರು. ಮಗ ಮಂತ್ರ ಬಿಟ್ಟು ಚರಂಡಿ, ಬೀದಿದೀಪ ಅಂತ ಓಡಾಡುವುದು ಅವರಿಗೆ ಕೊನೆಯವರೆಗೂ ಹಿಡಿಸಲಿಲ್ಲ. "ಮಾಣಿ, ನಿಂಗೆ ಎಂತಕ್ಕೆ ಊರ ಉಸಾಬರಿ?" ಎನ್ನುತ್ತಿದ್ದರು. ಯಾವಾಗ ಬಡ್ತಿ ಸಿಕ್ಕಿತು, ಎಲ್ಲಿಂದ ಎಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಸರ್ವೀಸ್ ಪುಸ್ತಕದಲ್ಲಿದೆ. ಓದುವವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಈ ಘಟನೆ ನಡೆದ ಪಂಚಾಯಿತಿಯ ಹೆಸರನ್ನೂ ಹೇಳುವುದಿಲ್ಲ. ಅಲ್ಲಿಯವರಿಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ಆಗಿನ ಕಾಲದ ನನ್ನಂಥ ಪಂಚಾಯಿತಿ ಕಾರ್ಯದರ್ಶಿಗೆ ಆರೋಗ್ಯವೆಂದರೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಅಷ್ಟೇ. ಉಳಿದದ್ದು ಆರೋಗ್ಯ ಇಲಾಖೆಯವರ ತಲೆನೋವು. ಬ್ಲೀಚಿಂಗ್ ಪೌಡರನ್ನಾದರೂ ಸರಿಯಾಗಿ ಹಾಕಿಸಿದೆನೋ ಎಂದರೆ ಅದೂ ಇಲ್ಲ. ಮುತ್ತಿನಕೊಪ್ಪದ ಕಡೆ ಒಂದು ಕೇರಿಯಲ್ಲಿ, ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಎಂದು ತಿಳಿದು ಒಂದಿಡೀ ಚೀಲವನ್ನು ಬಾವಿಗೆ ಸುರಿಸಿದ್ದೆ. ವಾರಗಟ್ಟಲೆ ಆ ನೀರನ್ನು ದನಗಳೂ ಮೂಸಲಿಲ್ಲ. ಕೇರಿಯ ಹೆಂಗಸರು ಹಳ್ಳದ ನೀರು ತಂದು ಕುಡಿದರು, ಕಾಯಿಲೆ ಬರಬಾರದೆಂದು ನಾನು ಮಾಡಿದ ಕೆಲಸದಿಂದಲೇ ನಾಲ್ಕು ಜನಕ್ಕೆ ಹೊಟ್ಟೆ ಕೆಟ್ಟಿತು. ಅಲ್ಲಿಯ ಅಜ್ಜಿಯೊಬ್ಬರು ನನ್ನನ್ನು ಕಂಡಾಗಲೆಲ್ಲ, "ಹೋಯ್, ಬಾವಿ ತೊಳೆದ ಪುಣ್ಯಾತ್ಮ ಬಂದ, ಕೊಡಪಾನ ಒಳಗಿಡ್ರೇ" ಎಂದು ಕೂಗುತ್ತಿದ್ದರು. ವರ್ಗವಾಗುವವರೆಗೂ ಆ ಕೇರಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾದಾಗ ಗಾಳಿ ಬದಲಾಯಿತು. ಗ್ರಾಮೀಣ ಆರೋಗ್ಯದ ಹೊಸ ಅಭಿಯಾನ ಬಂತು. ಹಳ್ಳಿಹಳ್ಳಿಯಲ್ಲೂ ಆರೋಗ್ಯ ಸಮಿತಿ ಮಾಡಬೇಕು, ಅದನ್ನು ಪಂಚಾಯಿತಿಯೇ ನಡೆಸಬೇಕು, ಒಬ್ಬ ಬಸುರಿಯೂ ಒಂದು ಕೂಸೂ ಲೆಕ್ಕದಿಂದ ಹೊರಗುಳಿಯಬಾರದು ಎಂದು ಆದೇಶಗಳು ಬಂದವು. ಸಭೆಗಳಲ್ಲಿ 'ಎಲ್ಲರಿಗೂ ಆರೋಗ್ಯ' ಎಂಬ ಮಾತು ಬಾಯಿಬಾಯಿಯಲ್ಲೂ ಓಡಾಡುತ್ತಿತ್ತು. ನನಗೂ ಉತ್ಸಾಹ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲರಿಗೂ ಎನ್ನುವಾಗ ಆ ಎಲ್ಲರೂ ಯಾರು ಎಂಬುದಕ್ಕೆ ನಮ್ಮ ಬಳಿ ಇದ್ದದ್ದು ಒಂದೇ ಆಧಾರ. ಅದು ಪಂಚಾಯಿತಿಯ ಮನೆ ಪಟ್ಟಿ, ನಾನೇ ತಯಾರಿಸಿದ್ದು.

ಆ ಪಟ್ಟಿ ಆದದ್ದು ಹೀಗೆ. ಅದಕ್ಕೆ ಎರಡು ವರ್ಷ ಮೊದಲು ಪ್ರತಿ ವಾಸದ ಮನೆಗೂ ನಂಬರು ಬರೆಸಬೇಕೆಂದು ಆದೇಶವಾಗಿತ್ತು. ನಾನು, ಜೊತೆಗೆ ಪಂಚಾಯಿತಿ ಅಟೆಂಡರ್ ತಿಮ್ಮಪ್ಪ, ಅವನ ಕೈಯಲ್ಲಿ ಕೆಂಪು ಪೇಂಟಿನ ಡಬ್ಬಿ. ನಲವತ್ತನೇ ಮನೆಯವರೆಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಸಿಕ್ಕಿದ್ದು ಒಂದು ಕಾಫಿ ಎಸ್ಟೇಟು. ಅದರ ಕೂಲಿಯಾಳುಗಳ ಮನೆಗಳು ಎರಡು ಉದ್ದನೆ ಸಾಲಾಗಿ ಗುಡ್ಡದ ಮೇಲಿದ್ದವು. ಅವಕ್ಕೆ ನಾವೆಲ್ಲ 'ಲೈನು' ಎನ್ನುತ್ತಿದ್ದೆವು. ಜೂನ್ ತಿಂಗಳು. ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತಿ ರಕ್ತ ಸೋರುತ್ತಿತ್ತು. ಮೊದಲ ಬಾಗಿಲು ತಲುಪುವಷ್ಟರಲ್ಲೇ ಇಬ್ಬರಿಗೂ ಸಾಕುಸಾಕಾಗಿತ್ತು.

"ಇದೆಲ್ಲ ಒಬ್ರದ್ದೇ ಜಾಗ ಅಲ್ಲೇನಾ?" ಎಂದೆ.

"ಹೌದು ಸಾರ್, ಎಸ್ಟೇಟಿಂದೇ" ಎಂದ ತಿಮ್ಮಪ್ಪ. ಅವನಿಗೂ ಅದೇ ಉತ್ತರ ಬೇಕಿತ್ತು.

ಮೊದಲನೇ ಬಾಗಿಲ ಮೇಲೆ 41 ಎಂದು ಬರೆಸಿದೆ. ಆ ಎರಡು ಸಾಲಿನಲ್ಲಿ ಇನ್ನೂ ಮೂವತ್ತಮೂರು ಬಾಗಿಲುಗಳಿದ್ದವು. ಅವುಗಳ ಕಡೆ ನೋಡದೆ ಇಳಿದು ಬಂದೆವು. ಕೆಳಗೆ ಹೋಟೆಲಿನಲ್ಲಿ ಕಾಫಿ ಕುಡಿದು ನಲವತ್ತೆರಡಕ್ಕೆ ಹೋದೆವು.

ಹೊಸ ಅಭಿಯಾನ ಶುರುವಾದ ಮೇಲೆ ಆಗಿನ ಆರೋಗ್ಯ ಸಹಾಯಕಿ ಇದೇ ಪಟ್ಟಿಯನ್ನು ನಕಲು ಮಾಡಿಕೊಂಡರು. ಅವರು ಹಾಗೆ ಮಾಡಿದ್ದು ನಿಯಮಕ್ಕೆ ಸರಿಯಾಗಿಯೇ ಇತ್ತು. ಪಟ್ಟಿಯಲ್ಲಿದ್ದ ಮನೆಗೆಲ್ಲ ಹೋದರು, ಇದ್ದ ಮಕ್ಕಳಿಗೆಲ್ಲ ಲಸಿಕೆ ಹಾಕಿದರು. ವರ್ಷದ ಕೊನೆಗೆ ನಮ್ಮ ಪಂಚಾಯಿತಿ ನೂರಕ್ಕೆ ನೂರು. ತಾಲ್ಲೂಕು ಸಭೆಯಲ್ಲಿ ದೊಡ್ಡ ಸಾಹೇಬರೊಬ್ಬರು ನನ್ನನ್ನು ಎದ್ದು ನಿಲ್ಲಲು ಹೇಳಿ, "ಇವರನ್ನು ನೋಡಿ ಕಲಿಯಿರಿ" ಎಂದರು. ಎಲ್ಲವನ್ನೂ ಶೇಕಡಾ ಲೆಕ್ಕದಲ್ಲಿ ನೋಡುವ ಮನುಷ್ಯ. ಊಟ ಹೇಗಿತ್ತು ಎಂದು ಕೇಳಿದರೂ ಎಂಬತ್ತು ಪರ್ಸೆಂಟ್ ಎನ್ನುವವರು. ನಾನು ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಮನೆಗೆ ಬಂದು ಹೆಂಡತಿಗೆ ಎರಡು ಸಲ ಹೇಳಿದೆ. ಮೂರನೇ ಸಲ ಶುರು ಮಾಡಿದಾಗ ಅವಳು ಎದ್ದು ಹೋದಳು.

ಮರುವರ್ಷ ಆ ಸಹಾಯಕಿಗೆ ವರ್ಗವಾಗಿ ಲಲಿತಾ ಎಂಬವರು ಬಂದರು. ನಾವು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಸಣ್ಣ ಆಳು, ಮಾತು ಕಡಿಮೆ, ನಡಿಗೆ ಮಾತ್ರ ಕುದುರೆಯ ಹಾಗೆ. ಉಪಕೇಂದ್ರದ ಸೋರುವ ಕ್ವಾರ್ಟರ್ಸಿನಲ್ಲೇ ಇದ್ದರು, ಬಾಡಿಗೆಗೆ ಪೇಟೆಯಲ್ಲಿ ಮನೆ ಮಾಡಲಿಲ್ಲ. ನನ್ನ ಪಟ್ಟಿಯನ್ನು ಹಿಡಿದು ಹೊರಟವರು ನಲವತ್ತೊಂದಕ್ಕೆ ಬಂದಾಗ ಮೊದಲ ಬಾಗಿಲಿಗೆ ನಿಲ್ಲದೆ ಮುಂದಕ್ಕೂ ಹೋದರು. ಹೋದ ಕಡೆ ಸಿಕ್ಕವರನ್ನೆಲ್ಲ ಬರೆದುಕೊಂಡರು. ನಂಬರಿನ ಜಾಗದಲ್ಲಿ ಏನು ಹಾಕುವುದು? ಇದ್ದದ್ದೇ ಒಂದು ನಂಬರು. ಎಲ್ಲರಿಗೂ ಅದನ್ನೇ ಹಾಕಿ ವರದಿ ಕಳಿಸಿದರು.

ಮುಂದಿನ ತಾಲ್ಲೂಕು ಸಭೆಯಲ್ಲಿ ಸಾಹೇಬರು ಆ ವರದಿಯನ್ನು ಕೈಯಲ್ಲಿ ಹಿಡಿದು ಕನ್ನಡಕ ಸರಿ ಮಾಡಿಕೊಂಡರು.

"ಇದೇನ್ರೀ ಇದು? ಮನೆ ನಂಬರ್ ನಲವತ್ತೊಂದು, ಗರ್ಭಿಣಿಯರು ಆರು. ಒಂದೇ ಮನೇಲಿ ಆರು ಜನ! ಆ ಮನೆ ಯಜಮಾನ ಯಾರ್ರೀ, ಸನ್ಮಾನ ಮಾಡೋಣ!"

ಸಭೆ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಸಾಹೇಬರು ನಗುವಾಗ ಕೆಳಗಿನವರು ನಗುವುದು ರೂಢಿ. ಸಿಸ್ಟರ್ ಮಾತ್ರ ಎದ್ದು ನಿಂತು, ತಪ್ಪಾಗಿಲ್ಲ ಸಾರ್, ಆರು ಜನ ಇದ್ದಾರೆ, ನಾನೇ ನೋಡಿದ್ದೇನೆ ಎಂದರು. ಸರಿ ಮಾಡಿ ತನ್ನಿ ಎಂದು ಸಾಹೇಬರು ಕಾಗದವನ್ನು ಅವರ ಕಡೆ ತಳ್ಳಿದರು.

ಹೊರಗೆ ಮೆಟ್ಟಿಲ ಮೇಲೆ ಅವರು ನನ್ನ ಮುಂದೆ ಬಂದು ನಿಂತರು. "ನೀವೂ ನಕ್ಕಿರಲ್ಲ ಸಾರ್."

"ಅಲ್ಲ ಸಿಸ್ಟರ್, ಸುಮ್ನೆ ಒಂದು..."

"ಆ ಲೈನಿನಲ್ಲಿ ಯಾರಿಗೂ ತಾಯಿ ಕಾರ್ಡ್ ಇಲ್ಲ. ಕಾರ್ಡ್ ಕೊಡೋಕೆ ಮನೆ ನಂಬರ್ ಬೇಕು, ನಿಮ್ಮ ಪಟ್ಟಿಯಲ್ಲಿ ಒಂದೇ ನಂಬರ್. ಕಾರ್ಡ್ ಇಲ್ಲದೇ ಇರೋರು ತಪಾಸಣೆಗೆ ಬರಲ್ಲ, ಎಸ್ಟೇಟಿನ ರೈಟರ್ ಕೆಲಸ ಬಿಡಿಸಿ ಕಳಿಸಲ್ಲ. ಹೋದ ವರ್ಷ ಅಲ್ಲಿ ಎರಡು ಕೂಸು ಹೋಗಿವೆ. ಅದು ನಿಮ್ಮ ನೂರಕ್ಕೆ ನೂರರೊಳಗೆ ಇಲ್ಲ, ಯಾಕಂದ್ರೆ ಅವು ಹುಟ್ಟಿದ್ದೇ ನಿಮಗೆ ಗೊತ್ತಿಲ್ಲ."

ದನಿ ಏರಿಸದೆ ಹೇಳಿದರು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮೂವತ್ತಮೂರು ಬಾಗಿಲುಗಳನ್ನು ನೋಡಿಯೂ ನೋಡದ ಹಾಗೆ ಇಳಿದು ಬಂದದ್ದು ನಾನು. ಅದಕ್ಕೆ ನಿಯಮವೂ ಕಾರಣವಲ್ಲ, ಸರ್ಕಾರವೂ ಕಾರಣವಲ್ಲ. ನಾಚಿಕೆಯಾಯಿತು, ಇನ್ನು ಏನೆಂದು ಹೇಳಲಿ.

ಮಾರನೇ ದಿನವೇ ತಿಮ್ಮಪ್ಪನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಎಸ್ಟೇಟಿನ ಹಾಜರಿ, ಬಟವಾಡೆ ನೋಡಿಕೊಳ್ಳುವವರು ರೈಟರ್ ಮಂಜಯ್ಯ. ಕೆಟ್ಟವರಲ್ಲ, ಆದರೆ ಧಣಿಯ ನೆರಳು ಕಂಡರೂ ಎದ್ದು ನಿಲ್ಲುವವರು. ಪೇಂಟಿನ ಡಬ್ಬಿ ನೋಡಿಯೇ ಕೈ ಅಡ್ಡ ಹಿಡಿದರು.

"ಬ್ಯಾಡ ಮಾರಾಯ್ರೆ. ಇವತ್ತು ಬಾಗಿಲಿಗೆ ನಂಬರು ಹಾಕ್ತೀರಿ, ನಾಳೆ ಮನೆ ನಮ್ದೇ ಅಂತಾರೆ. ಧಣಿ ನನ್ನನ್ನ ಉಳ್ಸದಿಲ್ಲ."

"ಇದು ಆರೋಗ್ಯಕ್ಕೆ ಮಂಜಯ್ಯನೋರೇ."

"ಎಂತಕ್ಕಾದ್ರೂ ಆಗ್ಲಿ. ಬಾಗಿಲು ಎಸ್ಟೇಟಿಂದು."

ಒಂದು ಗಂಟೆ ವಾದ ಮಾಡಿ ಇಳಿದು ಬಂದೆ. ಈಗ ನಿಜ ಹೇಳಬೇಕು. ಇಳಿಯುವಾಗ ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು. ನಾನು ಪ್ರಯತ್ನ ಮಾಡಿದೆ, ಅವರು ಬಿಡಲಿಲ್ಲ, ಇನ್ನು ಕೈ ತೊಳೆದುಕೊಳ್ಳಬಹುದು. ಕಚೇರಿಗೆ ಬಂದವನೇ 'ಮಾಲೀಕರು ಆಕ್ಷೇಪಿಸಿದ್ದರಿಂದ' ಎಂದು ಒಂದು ಟಿಪ್ಪಣಿ ಬರೆದೆ. ಇಂಥ ಟಿಪ್ಪಣಿಗಳನ್ನು ಬರೆಯುವುದರಲ್ಲಿ ನಾನು ಪಳಗಿದ ಕೈ. ಹೊಸಬರು ಇದನ್ನು ನನ್ನಿಂದ ಕಲಿಯಬೇಡಿ.

ಟಿಪ್ಪಣಿಗೆ ಅಧ್ಯಕ್ಷೆಯ ಸಹಿ ಬೇಕಿತ್ತು. ಆಗ ನಮ್ಮ ಅಧ್ಯಕ್ಷೆ ಸೀತಮ್ಮ. ನಾಟಿ, ಕಳೆ, ಕೊಯ್ಲು ಎಂದು ಕಂಡವರ ಗದ್ದೆಯಲ್ಲಿ ದುಡಿದು ಬೆಳೆದವರು. ಮೀಸಲಾತಿಯಲ್ಲಿ ಗೆದ್ದು ಬಂದಾಗ, ತೋರಿಸಿದ ಕಡೆ ಸಹಿ ಹಾಕುತ್ತಾರೆ ಬಿಡಿ ಎಂದು ಸದಸ್ಯರೆಲ್ಲ ಆರಾಮಾಗಿದ್ದರು. ಆ ಆರಾಮು ಮೊದಲ ವಾರವೇ ಹೋಯಿತು. ಓದುವುದು ಅವರಿಗೆ ನಿಧಾನ. ಹಾಗಾಗಿ ಪ್ರತಿ ಕಾಗದವನ್ನೂ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು, ಅರ್ಥವಾಗದಿದ್ದರೆ ಮತ್ತೆ ಓದಿಸುತ್ತಿದ್ದರು. ನಾನೇ ಬರೆದದ್ದನ್ನು ಎರಡು ಸಲ ಗಟ್ಟಿಯಾಗಿ ಓದಿದರೆ ಅದರಲ್ಲಿರುವ ಪೊಳ್ಳು ನನಗೇ ಕೇಳಿಸುತ್ತಿತ್ತು. ಅಷ್ಟು ಒಳ್ಳೆಯ ಮೇಲಧಿಕಾರಿ ನನಗೆ ಮತ್ತೆ ಸಿಗಲಿಲ್ಲ.

ಆವತ್ತೂ ಓದಿದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದರು. "ಬಾಗಿಲು ಎಸ್ಟೇಟಿಂದು ಅಂದ್ರಾ?"

"ಹೌದು."

"ಒಲೆ ಯಾರ್ದು?"

ನನಗೆ ಅರ್ಥವಾಗಲಿಲ್ಲ.

"ಒಲೆ, ಮಾರಾಯ್ರೆ, ಒಲೆ! ಗಂಜಿ ಬೇಯ್ಸದು. ಅದು ಎಸ್ಟೇಟಿಂದಾ? ಹೆಂಗ್ಸು ಮಣ್ಣು ಕಲ್ಸಿ ಹಾಕಿದ್ದು. ಬಾಗಿಲು ಎಣ್ಸಬ್ಯಾಡಿ, ಒಲೆ ಎಣ್ಸಿ. ನಮ್ಮ ಕಡೆ ಪಾಲು ಆಗದು ಯಾವಾಗ? ಬಾಗಿಲು ಬೇರೆ ಆದಾಗ ಅಲ್ಲ, ಒಲೆ ಬೇರೆ ಆದಾಗ. ಒಂದೇ ಬಾಗಿಲೊಳಗೆ ಎರಡು ಒಲೆ ಉರೀತಿದ್ರೆ ಅದು ಎರಡು ಮನೆ. ನೀವು ಓದ್ದೋರಿಗೆ ಇದು ಗೊತ್ತಿಲ್ವಾ?"

ಗೊತ್ತಿತ್ತು. ನಮ್ಮ ಮನೆಯಲ್ಲೇ ಚಿಕ್ಕಪ್ಪ ಬೇರೆಯಾದಾಗ ಮೊದಲು ಆದದ್ದು ಬೇರೆ ಒಲೆ. ಗೋಡೆ ಎದ್ದದ್ದು ಆರು ವರ್ಷದ ಮೇಲೆ. ಆದರೆ ಮನೆಯಲ್ಲಿ ಗೊತ್ತಿರುವುದನ್ನು ಕಚೇರಿಗೆ ತರಬಹುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಟಿಪ್ಪಣಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಗ್ರಾಮಸಭೆ ಕರೆದೆವು. ಆರೋಗ್ಯದ ಪುಸ್ತಕಕ್ಕೆ ಮಾತ್ರ ಮನೆಯ ಬದಲು ಒಲೆಯನ್ನು ಎಣಿಸುವುದು, ಒಂದೊಂದು ಒಲೆಗೂ ನಲವತ್ತೊಂದರ ಕೆಳಗೆ ಒಂದೊಂದು ನಂಬರು ಕೊಡುವುದು, ಗೋಡೆಗೂ ಬಾಗಿಲಿಗೂ ಪೇಂಟು ಮುಟ್ಟಿಸದಿರುವುದು ಎಂದು ಠರಾವು. ಮಂಜಯ್ಯ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬಾಗಿಲು ಮುಟ್ಟದ ಮೇಲೆ ಧಣಿಗೆ ದೂರು ಹೇಳಲು ಅವರಿಗೆ ಏನೂ ಉಳಿದಿರಲಿಲ್ಲ. ಕೊನೆಗೆ, "ಒಲೆಗೆ ನಾವು ಅಡ್ಡ ಬರದಿಲ್ಲ" ಎಂದರು. ಹೋಗುವಾಗ ಅವರ ಮುಖವೂ ಹಗುರವಾಗಿತ್ತು.

ಸುದ್ದಿ ಸಾಹೇಬರಿಗೆ ಮುಟ್ಟಿತು. ಫೋನು ಬಂತು. "ಏನ್ರೀ ಹೊಸ ರಾಗ? ಈಗ ಪಟ್ಟಿ ಬದಲಾಯಿಸಿದ್ರೆ ನಿಮ್ಮ ನೂರು ಪರ್ಸೆಂಟ್ ಎಲ್ಲಿ ಉಳಿಯುತ್ತೆ? ತಾಲ್ಲೂಕಿಂದೂ ಇಳಿಯುತ್ತೆ. ಮಾರ್ಚ್ ಮುಗೀಲಿ, ಆಮೇಲೆ ನೋಡೋಣ." ಮಾರ್ಚಿಗೆ ಇನ್ನೂ ನಾಲ್ಕು ತಿಂಗಳಿತ್ತು. ನಾನು ಹ್ಞೂಂ ಎಂದು ಇಟ್ಟೆ. ಸೀತಮ್ಮನವರಿಗೆ ಹೇಳಿದಾಗ ಅವರು, "ಆ ಬಸುರಿಯರು ಮಾರ್ಚಿನ ತನಕ ಕಾಯ್ತಾರಾ ಕೇಳ್ಲಿಲ್ವಾ?" ಎಂದಷ್ಟೇ ಹೇಳಿ, ಬರುವ ಸಂತೆ ದಿನ ಹೋಗುವುದೆಂದು ಗೊತ್ತು ಮಾಡಿದರು.

ಸಂತೆ ದಿನವೇ ಯಾಕೆಂದರೆ ಎಸ್ಟೇಟಿನ ಆಳುಗಳಿಗೆ ವಾರದ ರಜೆ ಭಾನುವಾರವಲ್ಲ, ಸಂತೆಯ ದಿನ. ಇಲಾಖೆಯವರು ಗೊತ್ತು ಮಾಡಿದ ದಿನ ಹೋದರೆ ಲೈನಿನಲ್ಲಿ ಸಿಗುವುದು ಕೋಳಿಗಳು ಮಾತ್ರ. ಬೆಳಿಗ್ಗೆ ಬೇಗ, ಜನ ಸಂತೆಗೆ ಹೊರಡುವ ಮೊದಲೇ ಹತ್ತಿದೆವು. ಸೀತಮ್ಮ, ಸಿಸ್ಟರ್, ತಿಮ್ಮಪ್ಪ, ನಾನು. ನನ್ನ ಕೈಯಲ್ಲಿ ಹೊಸ ಪುಸ್ತಕ.

ಸಿಸ್ಟರ್ ಹಿಂದೆ ಕಂಡಿದ್ದ ಆರು ಬಸುರಿಯರ ಹೆಸರು ಮೊದಲು ಬರೆದೆವು. ಆಮೇಲೆ ಬಾಗಿಲಿಂದ ಬಾಗಿಲಿಗೆ ಹೋದೆವು. ಎರಡನೇ ಸಾಲಿನ ಕೊನೆಯಲ್ಲಿ ರುಕ್ಮಿಣಿ ಎಂಬ ಹೆಂಗಸಿನ ಮನೆ. ವಯಸ್ಸಾದವಳು, ಬಾಗಿಲಲ್ಲಿ ಅಡ್ಡ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ತಾನು, ಗಂಡ, ಸಣ್ಣ ಮಗ ಎಂದಳು.

"ಬಸುರಿ ಯಾರಾದ್ರೂ ಇದಾರೇನಮ್ಮ?"

"ನಮ್ಮಲ್ಲಿ ಯಾರೂ ಇಲ್ಲ."

ಇಲ್ಲ ಎಂದು ಬರೆದೆ. ಹಿಂದೆ ಸಿಸ್ಟರ್ ಬಂದಾಗಲೂ ಅವಳು ಅದನ್ನೇ ಹೇಳಿದ್ದಳಂತೆ. ಮುಂದಿನ ಬಾಗಿಲಿಗೆ ಹೊರಟಿದ್ದೆ. ಸೀತಮ್ಮ ನಿಂತಲ್ಲೇ ನಿಂತಿದ್ದರು. ಸೂರಿನ ಹಿಂದಿನಿಂದ ಸಣ್ಣಗೆ ಹೊಗೆ ಬರುತ್ತಿತ್ತು, ರುಕ್ಮಿಣಿಯ ಒಲೆಯಾದರೋ ಒಳಗೆ ಆರಿಹೋಗಿತ್ತು.

"ಹಿಂದ್ಗಡೆ ಯಾರ್ದು ಒಲೆ?" ಎಂದರು.

ರುಕ್ಮಿಣಿ ಬಾಯೊಳಗಿನ ಎಲೆಯನ್ನು ಜಗಿಯುವುದು ನಿಲ್ಲಿಸಿದಳು.

ಹಿಂಬದಿಗೆ ಹೋದೆವು. ಗೋಡೆಗೆ ಒಂದು ತಗಡು ಒರಗಿಸಿ ಅದರಡಿ ಮೂರು ಕಲ್ಲು ಹೂಡಿದ್ದರು. ಒಂದು ಸಣ್ಣ ಪಾತ್ರೆಯಲ್ಲಿ ಗಂಜಿ ಕುದಿಯುತ್ತಿತ್ತು. ಅದರ ಮುಂದೆ ಇಪ್ಪತ್ತು ದಾಟಿರದ ಒಬ್ಬ ಹುಡುಗಿ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಳು. ತುಂಬು ಹೊಟ್ಟೆ. ಕಾಲುಗಳು ಬಾತು ಹೊಳೆಯುತ್ತಿದ್ದವು. ಹೆಸರು ಗಿರಿಜ, ರುಕ್ಮಿಣಿಯ ದೊಡ್ಡ ಮಗನ ಹೆಂಡತಿ. ಗಂಡ ಮರ ಕೊಯ್ಯುವ ಕೆಲಸಕ್ಕೆ ಘಟ್ಟದ ಕೆಳಗೆ ಹೋಗಿದ್ದ. ಆಷಾಢದಲ್ಲಿ ಅತ್ತೆ ಸೊಸೆಗೆ ಜಗಳವಾಗಿ ಒಲೆ ಬೇರೆಯಾಗಿತ್ತು. ರುಕ್ಮಿಣಿ ನಮಗೆ ಸುಳ್ಳು ಹೇಳಿರಲಿಲ್ಲ. ತನ್ನ ಒಲೆಯಲ್ಲಿ ಉಣ್ಣುವವರನ್ನು ಕೇಳಿದರು ಎಂದುಕೊಂಡು ಅಷ್ಟು ಜನರನ್ನು ಹೇಳಿದ್ದಳು. ಬಾಗಿಲು ಎಣಿಸಿದ್ದರೆ, ಮಂಜಯ್ಯ ಪೇಂಟು ಹಾಕಲು ಬಿಟ್ಟಿದ್ದರೂ, ಆ ಮನೆಗೆ ಒಂದು ಚೆಂದದ ನಂಬರು ಬರೆದು ಗಿರಿಜಳನ್ನು ಬಿಟ್ಟು ನಾನು ಮುಂದೆ ಹೋಗುತ್ತಿದ್ದೆ.

ಸಿಸ್ಟರ್ ಕೂತು ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಬಿಚ್ಚಿ ಮತ್ತೆ ಸುತ್ತಿ ನೋಡಿದರು. "ತಲೆ ನೋಯ್ತಿದೆಯಾ?"

"ಮೂರು ದಿನ ಆಯ್ತು. ಕಣ್ಣು ಮಂಜು ಮಂಜು ಕಾಣ್ತದೆ."

ಸಿಸ್ಟರ್ ಎದ್ದು ನನ್ನ ಹತ್ತಿರ ಬಂದರು. "ಸಾರ್, ಈಗಲೇ ಗಾಡಿ ಬೇಕು. ಫಿಟ್ಸ್ ಬಂದ್ರೆ ತಾಯಿ ಮಗು ಇಬ್ಬರೂ ಉಳಿಯಲ್ಲ."

ಆಗಿನ್ನೂ ಕರೆದ ಕೂಡಲೇ ಬರುವ ಆಂಬುಲೆನ್ಸು ನಮ್ಮ ಕಡೆಗೆ ಬಂದಿರಲಿಲ್ಲ. ಮೊಬೈಲು ಗುಡ್ಡದ ಮೇಲೆ ಸಿಗುತ್ತಿರಲಿಲ್ಲ. ತಿಮ್ಮಪ್ಪ ಓಡಿದ. ಅವನು ಓಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಲಿಲ್ಲ. ಹತ್ತು ನಿಮಿಷದಲ್ಲಿ ಎಸ್ಟೇಟಿನ ಜೀಪು ಬಂತು, ಸ್ಟೀರಿಂಗ್ ಹಿಡಿದವರು ಸ್ವತಃ ಮಂಜಯ್ಯ. ಧಣಿಯನ್ನು ಕೇಳಿದಿರಾ ಎಂದೆ. "ಆಮೇಲೆ ಕೇಳ್ತೀನಿ, ಹತ್ತಿ ಮಾರಾಯ್ರೆ" ಎಂದರು. ಗಿರಿಜಳನ್ನು ಎತ್ತಿ ಕೂರಿಸುವಾಗ ರುಕ್ಮಿಣಿ ಅಂಗಳದಲ್ಲಿ ನಿಂತಿದ್ದಳು. ಏನೋ ನೆನಪಾದವಳಂತೆ ಹಿಂದಕ್ಕೆ ಓಡಿ, ಸೊಸೆಯ ಒಲೆಯ ಮೇಲಿದ್ದ ಗಂಜಿಯನ್ನು ಹಿಡಿಯಿರುವ ಮುಚ್ಚಳದ ಪಾತ್ರೆಗೆ ಬಗ್ಗಿಸಿಕೊಂಡು ಬಂದು, ಯಾರನ್ನೂ ಕೇಳದೆ ಜೀಪು ಹತ್ತಿದಳು.

ತಾಲ್ಲೂಕು ಆಸ್ಪತ್ರೆಯ ವರಾಂಡದಲ್ಲಿ ಆ ದಿನವೆಲ್ಲ ಕೂತಿದ್ದೆವು. ಡಾಕ್ಟರು ಒಂದು ಸಲ ಹೊರಗೆ ಬಂದು, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಹೇಳಿ ಒಳಗೆ ಹೋದರು. ನಾನು ದೇವರನ್ನು ನೆನೆಯುವುದು ಕಡಿಮೆ. ಆವತ್ತು ಅಪ್ಪ ಹೇಳಿಕೊಟ್ಟಿದ್ದನ್ನೆಲ್ಲ ಹೇಳಿಕೊಂಡೆ, ಅರ್ಧ ಮರೆತೇ ಹೋಗಿತ್ತು. ನನ್ನ ಪುಸ್ತಕದಲ್ಲಿ ಬರೆದ 'ಇಲ್ಲ' ಎಂಬ ಎರಡಕ್ಷರ ಕಣ್ಣ ಮುಂದೆಯೇ ನಿಂತಿತ್ತು. ಸಂಜೆ ನಾಲ್ಕರ ಹೊತ್ತಿಗೆ ನರ್ಸ್ ಬಂದು, ಹೆಣ್ಣು ಕೂಸು, ತಿಂಗಳು ತುಂಬಿಲ್ಲ, ಸಣ್ಣದಿದೆ, ಆದರೆ ಚೆನ್ನಾಗಿ ಅಳುತ್ತಿದೆ ಎಂದರು. ತಾಯಿಗೂ ಅಪಾಯವಿಲ್ಲ. ರುಕ್ಮಿಣಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮಂಜಯ್ಯ ಹೊರಗೆ ಹೋಗಿ ಜೀಪಿನ ಗಾಜು ಒರೆಸತೊಡಗಿದರು. ನಾನೂ ಅತ್ತೆ. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಕಾಣಲಿಲ್ಲ.

ಆ ವಾರವೇ ಉಳಿದ ಲೈನನ್ನು ಮುಗಿಸಿದೆವು. ಬಾಗಿಲು ಮೂವತ್ತನಾಲ್ಕು, ಒಲೆ ನಲವತ್ತಮೂರು. ಎಲ್ಲ ಬಸುರಿಯರಿಗೂ ಕಾರ್ಡು ಬಂತು. ಲಸಿಕೆ ಕಾಣದ ಮಕ್ಕಳು ಎಷ್ಟು ಸಿಕ್ಕರೆಂದರೆ ಪುಸ್ತಕದ ಹಾಳೆ ಸಾಲಲಿಲ್ಲ. ಅಲ್ಲಿಗೆ ನಮ್ಮ ನೂರಕ್ಕೆ ನೂರು ಮುಗಿಯಿತು. ಮುಂದಿನ ತಾಲ್ಲೂಕು ಸಭೆಗೆ ಸೀತಮ್ಮನವರು ತಾವೂ ಬರುತ್ತೇನೆಂದರು. ಸಾಹೇಬರು ನಮ್ಮ ಸಾಲಿಗೆ ಬಂದು ನಿಂತರು.

"ಏನ್ರೀ, ಮಾದರಿ ಪಂಚಾಯಿತಿ ಎಪ್ಪತ್ತಕ್ಕೆ ಇಳಿದಿದೆ! ಒಂದು ವರ್ಷದೊಳಗೆ ಇಷ್ಟು ಹಾಳಾಗೋಕೆ ಹೇಗೆ ಸಾಧ್ಯ?"

ನಾನು ಎದ್ದು ನಿಂತೆ. "ಹಾಳಾಗಿಲ್ಲ ಸಾರ್. ಹೋದ ವರ್ಷದ ನೂರು ಸುಳ್ಳು. ಪಟ್ಟಿ ಮಾಡಿದ್ದು ನಾನು, ತಪ್ಪು ನಂದು."

ಸಾಹೇಬರು ಬಾಯಿ ತೆರೆಯುವ ಮೊದಲೇ ಸೀತಮ್ಮ ಕೂತಲ್ಲಿಂದಲೇ ಹೇಳಿದರು. "ಕೆಲ್ಸ ಕಮ್ಮಿ ಆಗಿದ್ದಲ್ಲ ಸಾರ್, ಜನ ಜಾಸ್ತಿ ಸಿಕ್ಕಿದ್ದು. ನಮ್ಮ ಪಕ್ಕದ ಪಂಚಾಯ್ತೀಲೂ ಲೈನು ಉಂಟು. ಅವ್ರದ್ದು ಇನ್ನೂ ನೂರೇ ಇದೆ. ಅದನ್ನ ಒಂಚೂರು ಕೇಳಿ."

ಪಕ್ಕದ ಪಂಚಾಯಿತಿಯ ಕಾರ್ಯದರ್ಶಿ ನನ್ನ ಗೆಳೆಯ. ಅವನು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹುಡುಕತೊಡಗಿದ. ಸಾಹೇಬರು ಸೀತಮ್ಮನವರ ಕಡೆ ತಿರುಗಿದರು. ಬೈಗುಳ ಬರುತ್ತದೆಂದು ನಾನು ಕಾದೆ. ಅವರು ಕುರ್ಚಿ ಎಳೆದುಕೊಂಡು ಕೂತು, "ಆ ಒಲೆ ಎಣಿಸೋದು ಹೇಗೆ, ಒಂದ್ಸಲ ಎಲ್ಲರಿಗೂ ಹೇಳಿ" ಎಂದರು. ಅವರ ಮೇಲೆ ನನಗಿದ್ದ ಸಿಟ್ಟು ಅಂದೇ ಮುಗಿಯಿತು. ಮನುಷ್ಯ ಶೇಕಡಾ ಲೆಕ್ಕದವರಾದರೂ ಲೆಕ್ಕ ತಪ್ಪಾಗಿದೆ ಎಂದಾಗ ಒಪ್ಪಿಕೊಂಡರು. ನನ್ನ ಸೇವೆಯಲ್ಲಿ ಹಾಗೆ ಒಪ್ಪಿಕೊಂಡವರು ಬಹಳ ಜನ ಸಿಗಲಿಲ್ಲ.

ಮೂರು ತಾಲ್ಲೂಕುಗಳಲ್ಲಿ ಎಷ್ಟು ಕಡೆ ಒಲೆ ಎಣಿಸಿದರೋ ನನಗೆ ಗೊತ್ತಿಲ್ಲ. ಜಯಪುರದ ಕಡೆಯ ಇಬ್ಬರು ಬಂದು ನಮ್ಮ ಪುಸ್ತಕ ನೋಡಿಕೊಂಡು ಹೋದರು. ಆಮೇಲೆ ಆಶಾ ಕಾರ್ಯಕರ್ತೆಯರು ಬಂದರು, ಫೋನು ಮಾಡಿದರೆ ಬರುವ ಆಂಬುಲೆನ್ಸು ಬಂತು, ಪಂಚಾಯಿತಿಗೆ ಕಂಪ್ಯೂಟರೂ ಬಂತು. ಕಂಪ್ಯೂಟರಿನಲ್ಲಿ ಒಲೆಗೆ ಜಾಗವಿರಲಿಲ್ಲ, ಮನೆ ನಂಬರಿನ ಪಕ್ಕ ಒಂದು ಗೀಟು ಹಾಕಿ ಹೇಗೋ ತುಂಬಿಸಿದೆವು. ಈಗಿನವರ ಕೈಯಲ್ಲಿ ಟ್ಯಾಬ್ಲೆಟ್ ಇದೆಯಂತೆ. ಒಳ್ಳೆಯದು. ಅದರಲ್ಲಿ ಕಾಣುವ ಹೆಸರುಗಳು ಪಟ್ಟಿಯಲ್ಲಿ ಇರುವವರವು. ಇಲ್ಲದವರನ್ನು ಹುಡುಕುವುದಕ್ಕೆ ಮನೆಯ ಹಿಂಬದಿಗೆ ಹೋಗಬೇಕು.

ಗಿರಿಜಳ ಕೂಸು ಬದುಕಿ ದಪ್ಪವಾಯಿತು. ಅದಕ್ಕೆ ಐದಾರು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಅವಳು ಪಂಚಾಯಿತಿ ಕಚೇರಿಗೆ ಬಂದಳು. ಕೂಸು ಸೊಂಟದ ಮೇಲಿತ್ತು. ಬಿಸಿಲಿನಲ್ಲಿ ಗುಡ್ಡ ಇಳಿದು ಬಂದು ಮೈಯೆಲ್ಲ ಬೆವರಾಗಿತ್ತು. ಕಾರ್ಡು ಕಳೆದುಹೋಯಿತೇ, ಕೂಸಿಗೆ ಹುಷಾರಿಲ್ಲವೇ ಎಂದು ಗಾಬರಿಯಾಗಿ ಕೇಳಿದೆ.

"ನಂದಲ್ಲ ಸಾರ್" ಎಂದಳು. "ಲೈನಿಗೆ ನಿನ್ನೆ ಹೊಸಬರು ಬಂದಿದಾರೆ, ಗಂಡ ಹೆಂಡ್ತಿ. ಬಯಲುಸೀಮೆಯೋರು. ರೈಟರ್ ಇನ್ನೂ ಹೆಸ್ರು ಬರ್ಕೊಂಡಿಲ್ಲ, ಮನೆ ಕೊಟ್ಟಿಲ್ಲ, ಶೆಡ್ಡಿನಲ್ಲಿ ಇದಾರೆ. ಆ ಹುಡುಗಿಗೆ ಆರು ತಿಂಗಳು. ಕೇಳಿದ್ರೆ ಏನೂ ಇಲ್ಲ ಅಂತಾಳೆ, ಹೆದ್ರಿದಾಳೆ. ಇವತ್ತು ಬೆಳಿಗ್ಗೆ ಶೆಡ್ಡಿನ ಹಿಂದೆ ಒಲೆ ಹಚ್ಚಿದ್ಲು, ನಾನು ನೋಡ್ದೆ. ಸಿಸ್ಟರ್ ನಾಳೆ ಬತ್ತಾರೆ. ಅಷ್ಟರೊಳಗೆ ಅವಳಿಗೊಂದು ನಂಬರು ಕೊಡಿ."